ಕಡದದ್ದು ಗುಂಡ್ಯಾ ಅಲ್ಲ

ಆಳಂದ
12 ನವೆಂಬರ್ 2024, ಮಂಗಳವಾರ

ಮಂಜರಿ,

ಫೋನ್ ಮಾಡಬ್ಯಾಡ, ಎತ್ತಂಗಿಲ್ಲ. ಫೋನಿನ್ಯಾಗ ನೀನು ಅಳ್ತಿ, ನೀನು ಅತ್ತರ ನಾನು ಸುಮ್ಮನಾಗ್ತೇನಿ. ಕಲಬುರಗಿ ಹಾಸ್ಟೆಲಿನ ಒಂದೇ ಖೋಲಿಯಾಗ ಆರು ವರ್ಷ ಹಂಗೇ ಆಗೇದ. ಕಾಗದದ ಮುಂದ ಎಷ್ಟು ಅತ್ತರೂ ನನಗ ಕೇಳಸಂಗಿಲ್ಲ, ಅದಕ್ಕ ಬರಿಯಾಕತ್ತೇನಿ.

ಅವತ್ತು ನಡೆದದ್ದು ನನಗ ಹ್ಯಾಂಗ ಕಂಡದ, ಪಂಚನಾಮೆ ಬರದಂಗ ಬರೀತೇನಿ. ತಪ್ಪಿದ್ದರ ತಿದ್ದು.

ಸೀಗಿ ಹುಣ್ಣಿಮಿ ಮುಗಿದ ಶನಿವಾರ. ನಿಮ್ಮ ಕರಜಗಿ ಹೊಲದಾಗ ನೀನೇ ನಕ್ಷೆ ಹಾಕಿ ಕಟ್ಟಿಸಿದ ಎರಡು ಖೋಲಿ ಮನಿ. "ಎರಡು ದಿನ ಯಾರೂ ಕೆಲಸದ ಮಾತು ತಗೀಬಾರದು, ನಾಯಿಗಳನ್ನೂ ಕರಕೊಂಡು ಬರ್ರಿ" ಅಂತ ನೀನೇ ಕರದಿದ್ದಿ. ನಿನ್ನ ತಮ್ಮ ಅನೂಪ ತನ್ನ ಶೇರಾನ್ನ ತಂದ, ಕರೇ ಬೆನ್ನಿನ ಜರ್ಮನ್ ಶೆಫರ್ಡ್, ಸೊಂಟದಮಟ ಎತ್ತರ. ನಮ್ಮ ಹಾಸ್ಟೆಲ್ ಗೆಳತಿ ಮನೀಷಾ ಮಡಿಲಾಗ ಹಿಡಿಯುವಂಥ ಬಿಳಿ ನಾಯಿ ತಂದಳು. ನಾನು ಗುಂಡ್ಯಾನ್ನ. ಏಳು ವರ್ಷದ ಹಿಂದ ಆಳಂದ ಬಸ್ ಸ್ಟ್ಯಾಂಡಿನ್ಯಾಗ ಸಿಕ್ಕದ್ದು, ಒಂದು ಕಿವಿ ಹರದದ್ದು, ಈಗ ಮುದುಕ. ಶನಿವಾರ ಚೊಲೋ ಹೋತು. ಭೀಮಾ ದಂಡಿಗೆ ಹೋದಿವಿ, ಮೂರೂ ನಾಯಿ ಮೈತುಂಬ ಕೆಸರು ಮಾಡ್ಕೊಂಡು ಬಂದವು, ಬದನಿಕಾಯಿ ಸುಟ್ಟು ರೊಟ್ಟಿ ತಿಂದಿವಿ. ನಕ್ಕು ನಕ್ಕು ನನಗ ಹೊಟ್ಟಿ ನೋಯ್ತಿತ್ತು. ಅದನ್ನೂ ಬರೀಬೇಕು, ಖರೇ ಅದ.

ಆದಿತ್ಯವಾರ ಮುಂಜಾನೆ ಊರಾಗಿನವರು ಬಂದರು. ಎಮ್ಮಿ ಈಯಲಾರದೆ ಒದ್ದಾಡಾಕತ್ತದ, ಡಾಕ್ಟರಬಾಯಿ ಬರಬೇಕು ಅಂತ. ಗುಂಡ್ಯಾನ್ನ ನಿನ್ನ ಕೈಯಾಗ ಬಿಟ್ಟು ಹೋದೆ. "ಕಾಳಜಿ ಮಾಡಬ್ಯಾಡ, ನಾ ಇದ್ದೇನಿ" ಅಂದಿ. ಎರಡು ತಾಸಿಗೆ ತಿರುಗಿ ಬಂದಾಗ ಅಂಗಳದಾಗ ರಕ್ತ ಇತ್ತು. ನಿಮ್ಮ ಹೊಲ ನೋಡ್ಕೊಳ್ಳೋ ದತ್ತಪ್ಪನ ಹೆಂಡತಿ ಮರೆಮ್ಮನ್ನ ಅನೂಪ ಕಾರಿನ್ಯಾಗ ಅಫಜಲಪುರ ದವಾಖಾನಿಗೆ ಒಯ್ದಿದ್ದ. ಗುಂಡ್ಯಾ ಬೇವಿನ ಗಿಡದ ಕೆಳಗ ಬಿದ್ದಿತ್ತು, ಬೆನ್ನು ಮುರಿದಿತ್ತು. ನೀನು ಅಂದಿ: "ಗುಂಡ್ಯಾ ಮರೆಮ್ಮಗ ಕಡದುಬಿಡ್ತು ಮೈತ್ರಿ. ದತ್ತಪ್ಪ, ಕಬ್ಬಿನ ಆಳುಗಳು ಕೂಡಿ ಹೊಡದರು."

ಒಂದು ಗಂಟೆಗೆ ಅದು ಸತ್ತಿತು. ನಾನು ದತ್ತಪ್ಪಗ "ನಿನ್ನ ತಪ್ಪಿಲ್ಲಪ್ಪಾ" ಅಂದೆ. ದವಾಖಾನಿಗೆ ಹೋಗಿ, ಕಾಲಿಗೆ ಪಟ್ಟಿ ಕಟ್ಟಿಸ್ಕೊಂಡು ಮಲಗಿದ್ದ ಮರೆಮ್ಮನ ಮುಂದ ಕೈ ಮುಗದೆ. ಕಡದ ನಾಯಿ ಸತ್ತರ ಅದಕ್ಕ ಹುಚ್ಚು ಹಿಡಿದಿತ್ತೋ ಇಲ್ಲೋ ನೋಡಬೇಕು, ಅದಕ್ಕ ತಲಿ ಬೇಕು. ನಾನೇ ಕೊಯ್ದೆ, ಮಂಜರಿ. ಏಳು ವರ್ಷ ಸವರಿದ ತಲಿ. ಐಸ್ ಡಬ್ಬಿಯಾಗಿಟ್ಟು ಲ್ಯಾಬಿಗೆ ಕಳಿಸಿದೆ. ಮುಚ್ಚಳ ಹಿಡಕೊಂಡು ಬಾಜೂಕ ನಿಂತಾಕಿ ನೀನು.

ರಿಪೋರ್ಟ್ ಬಂತು: ರೋಗ ಇಲ್ಲ. ನಮ್ಮ ವಾಟ್ಸಪ್ ಗ್ರೂಪಿನ್ಯಾಗ ಹಾಕಿದೆ. ನೀನು ಕೈ ಜೋಡಿಸಿದ ಚಿತ್ರ ಹಾಕಿದಿ.

ಮೊನ್ನೆ ಆದಿತ್ಯವಾರ ಒಂದು ಸೀರಿ ತಗೊಂಡು ಮರೆಮ್ಮನ ನೋಡಾಕ ಹೋಗಿದ್ದೆ. ಗಾಯ ತೋರಿಸು ಅಂದೆ. ಮೀನಖಂಡದ ಮ್ಯಾಲ ನಾಕು ಕುಣಿ. ಬೆರಳು ಇಳಿಯುವಷ್ಟು ಆಳ. ಗುಂಡ್ಯಾಗ ಕೋರಿಹಲ್ಲೇ ಇರಲಿಲ್ಲ. ಹುಳುಕು ಹತ್ತಿ ಹೋದ ವರ್ಷ ನಾನೇ ಕಿತ್ತಿದ್ದೆ.

ನನ್ನ ಮಾರಿ ನೋಡಿ ಮರೆಮ್ಮ ಅಳಾಕ ಹತ್ತಿದಳು. "ಆ ಕರೇ ನಾಯಿ ಕಡದದ ಯವ್ವಾ. ನೀವು ಬಂದು ಕೈ ಮುಗದ್ರಿ, ನನಗ ಬಾಯಿ ಬರಲಿಲ್ಲ. ಇಲ್ಲೇ ಇರಬೇಕಲ್ರೀ ನಾವು."

ಇನ್ನೂ ಒಂದು ಕೇಳು. ನಾಲ್ಕನೇ ಸೂಜಿ ಆಕಿ ಹಾಕಿಸ್ಕೊಂಡಿದ್ದಿಲ್ಲ. ಅನೂಪ ಫೋನ್ ಮಾಡಿ "ರಿಪೋರ್ಟ್ ಚೊಲೋ ಬಂದದ, ಇನ್ನ ಸೂಜಿ ಬ್ಯಾಡ" ಅಂದಾನಂತ. ಕಡದ ನಾಯಿ ಒಂದು, ರಿಪೋರ್ಟ್ ಇನ್ನೊಂದು ನಾಯಿದು. ಆ ರೋಗ ಹತ್ತಿದರ ಔಷಧ ಇಲ್ಲ, ನೀರು ಕಂಡರ ಅಂಜಿ ಅಂಜಿ ಸಾಯ್ತಾರ. ನಿನಗ ಗೊತ್ತದ. ಶೇರಾ ಈಗ ಹ್ಯಾಂಗದ ಅಂತ ನನಗ ಗೊತ್ತಿಲ್ಲ, ಅದಕ್ಕ ನಿನ್ನೆ ನಾನೇ ಕರಕೊಂಡು ಹೋಗಿ ಹಾಕಿಸಿ ಬಂದೇನಿ.

ನೀನು ಕಟ್ಟಿ ಮ್ಯಾಲ ಕುಂತಿದ್ದಿ ಅಂತ ಮರೆಮ್ಮ ಅಂದಳು. ಒಂದೇ ಮಾತು ಕೇಳ್ತೇನಿ. ನೋಡಿದ್ದಿ, ಹೌದೋ ಅಲ್ಲೋ?

ಮೈತ್ರಿ

*

ಕಲಬುರಗಿ
19 ನವೆಂಬರ್ 2024

ಪ್ರೀತಿಯ ಮೈತ್ರಿ,

ನಿನ್ನ ಪತ್ರ ಓದಿ ಎರಡು ದಿನ ಆಫೀಸಿಗೆ ಹೋಗಲಿಲ್ಲ. ನೀನು ಇಷ್ಟು ಕಠೋರವಾಗಿ ಬರೀತಿ ಅಂತ ಅನ್ಕೊಂಡಿದ್ದಿಲ್ಲ.

ಆ ಹೊತ್ತು ಎಲ್ಲಾ ಗಡಬಡ ಇತ್ತು. ಒಂದು ಕಡೆ ಮರೆಮ್ಮ ಚೀರಾಕತ್ತಿದ್ದಳು, ಇನ್ನೊಂದು ಕಡೆ ಆಳುಗಳು ಓಡಿ ಬಂದರು. ಮನೀಷಾ ಸ್ನಾನಕ್ಕ ಹೋಗಿದ್ದಳು. ಯಾವ ನಾಯಿ ಎಲ್ಲಿತ್ತು ಅಂತ ಈಗ ಪ್ರಮಾಣ ಮಾಡಿ ಹೇಳು ಅಂದರ ಹ್ಯಾಂಗ ಹೇಳಲಿ? ಗುಂಡ್ಯಾ ಆಕಿ ಕಾಲಬುಡಕ್ಕೇ ಇತ್ತು, ಬೊಗಳತಿತ್ತು. ಅನೂಪ ಹಂಗ ತಿಳಕೊಂಡ. ನಾನೂ ಹಂಗೇ ತಿಳಕೊಂಡೆ ಅಂತ ಕಾಣಸ್ತದ. ಶೇರಾ ಮನಿಯಾಗ ಬೆಳೆದ ನಾಯಿ, ಗಟ್ಟಿಮುಟ್ಟಾಗಿ ಅದ, ಅದಕ್ಕ ಯಾವ ರೋಗ ಬರ್ತದ? ಮರೆಮ್ಮಗ ಏನೂ ಆಗಿಲ್ಲಲ್ಲ.

ಅವರ ಮಾತು ನಿನಗ ಗೊತ್ತಿಲ್ಲೇನು, ಇವತ್ತೊಂದು ನಾಳೆ ಇನ್ನೊಂದು. ನೀನು ಹೋಗಿ ಕೇಳಿದಿ, ನಿನಗ ಬೇಕಾದ್ದು ಅಂದಳು. ಅನೂಪನ ಅಪಾರ್ಟ್‌ಮೆಂಟಿನವರು ಮೊದಲೇ ಶೇರಾನ ಮ್ಯಾಲ ತಕರಾರು ಮಾಡಾಕತ್ತಾರ. ಇನ್ನೊಂದು ಮಾತು ಬಂದರ ನಾಯಿ ಹೊರಗ ಹಾಕಸ್ತಾರ. ಅಮ್ಮಗ ಬಿ.ಪಿ. ಬ್ಯಾರೆ. ನಮ್ಮ ಅಮ್ಮ ಜಾನಕೀಬಾಯಿ ಅವರ ಮುಂದ ಅನೂಪನ ಹೆಸರು ತಗಿಯೂದು ಅಂದರ ಏನಂತ ನಿನಗ ನಾ ಹೇಳಬೇಕಾಗಿಲ್ಲ.

ಗುಂಡ್ಯಾ ಹೋದದ್ದಕ್ಕ ನನಗೂ ಸಂಕಟ ಅದ. ಡ್ರೈವರ್ ಕೈಯಾಗ ಈ ಪತ್ರದ ಜೋಡಿ ಒಂದು ಲ್ಯಾಬ್ರಡಾರ್ ಮರಿ ಕಳಿಸೇನಿ. ನಲವತ್ತು ದಿನದ್ದು. ನೋಡಿದರ ನಿನ್ನ ಸಿಟ್ಟು ಇಳೀತದ. ಇಪ್ಪತ್ತು ವರ್ಷದ ಗೆಳೆತನ, ಒಂದು ನಾಯಿ ಸಲುವಾಗಿ ಕಡಕೊಳ್ಳೋದು ಬ್ಯಾಡ.

ಎಂದಿಗೂ ನಿನ್ನ,
ಮಂಜರಿ

*

ಆಳಂದ
24 ನವೆಂಬರ್ 2024

ಮಂಜರಿ,

ಮರಿ ಅದೇ ಕಾರಿನ್ಯಾಗ ವಾಪಸ್ ಕಳಿಸಿದ್ದು ಮುಟ್ಟಿರಬೇಕು. ತಾಯಿ ಹಾಲು ಬಿಟ್ಟು ಸರಿಯಾಗಿ ವಾರ ಆಗಿಲ್ಲ ಅದಕ್ಕ, ತಾಸುಗಟ್ಟಲೆ ಕಾರಿನ್ಯಾಗ ಓಡಾಡಿಸಿ ವಾಂತಿ ಮಾಡಸೀದಿ. ನೀರು ಕುಡಿಸಿ ಕಳಿಸೇನಿ. ಅದರ ಮ್ಯಾಲ ನನಗ ಸಿಟ್ಟಿಲ್ಲ.

"ಅವರ ಮಾತು" ಅಂತ ಬರದೀಯಲ್ಲ. ಅವರು ಅಂದರ ಯಾರು ಬೇ? ಮರೆಮ್ಮನೂ ನನ್ನಂಗ ಊರ ಹೊರಗಿನ ಓಣಿಯಾಕಿ. ನೆಲೋಗಿಯಾಗ ನಮ್ಮಪ್ಪ ಮಾಸ್ತರ್ ಆಗದಿದ್ದರ, ನಾನು ಓದದಿದ್ದರ, ನಿಮ್ಮ ಹೊಲದಾಗ ತಗಡಿನ ಪತ್ರಾಸಿನ ಮನಿಯಾಗ ಇರ್ತಿದ್ದಾಕಿ ನಾನೇ. ಹಾಸ್ಟೆಲಿಗೆ ನಿಮ್ಮ ಅಮ್ಮ ಡಬ್ಬಿ ಕಟ್ಟಿಕೊಂಡು ಬರ್ತಿದ್ದರು. ಅವರು ಬರೂ ದಿನ ನಾನು ಪುಸ್ತಕ ಹಿಡಕೊಂಡು ಲೈಬ್ರರಿಗೆ ಹೋಗಿ ಕುಂಡ್ರತಿದ್ದೆ. ಆರು ವರ್ಷ. ಯಾಕ ಹೋಗ್ತಿ ಅಂತ ನೀನು ಒಂದು ದಿನ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದು ಗೆಳೆತನ ಅಂತ ತಿಳಕೊಂಡಿದ್ದೆ.

ಮೊನ್ನೆ ಶುಕ್ರವಾರ ಮಟಕಿ ಊರಾಗ ಲಸಿಕೆ ಕ್ಯಾಂಪ್ ಮುಗಿಸಿ ಬಂದಾಗ, ನಮ್ಮ ಪಶು ಆಸ್ಪತ್ರಿ ಗೇಟಿನ ಹೊರಗ ದತ್ತಪ್ಪ ನಿಂತಿದ್ದ. ಕರಜಗಿಯಿಂದ ಎರಡು ಬಸ್ ಬದಲಿಸಿ ಬಂದಿದ್ದ. ಒಳಗ ಬಾ ಅಂದರ ಬರಲಿಲ್ಲ.

"ಮರೆಮ್ಮ ಎಲ್ಲಾ ಹೇಳಿದಳ್ರಿ" ಅಂದ. "ಮೊದಲ ಏಟು ನಂದೇ ಇತ್ತು. ಕಬ್ಬಿನ ಗಳ ತಗೊಂಡು ಬೆನ್ನಿಗೆ ಹಾಕಿದೆ. ಅದು ಓಡಲಿಲ್ರಿ ಬಾಯಾರ. ನಿಂತು ನನ್ನ ಮಾರಿ ನೋಡ್ತು. ಹಿಂದಿನ ದಿನ ನಾನೇ ರೊಟ್ಟಿ ಹಾಕಿದ್ದೆ ಅದಕ್ಕ."

"ನಿನಗ ಹೇಳಿದವರು ಯಾರು, ಗುಂಡ್ಯಾ ಕಡದದ ಅಂತ?" ಅಂದೆ.

"ಸಣ್ಣ ಧಣಿ ಒದರಿದರು, ಆ ಬೀದಿ ನಾಯಿ ಕಡೀತು, ಹೊಡೀರಿ ಅಂತ. ನಾನು ಅಕ್ಕೋರ ಕಡೆ ನೋಡಿದೆ. ಅಕ್ಕೋರು ಸುಮ್ಮನಿದ್ದರು. ಹೌದು ಅಂತ ತಿಳಕೊಂಡೆ."

ಕೇಳಿದೇನು? ಅಂವ ನಿನ್ನ ಕಡೆ ನೋಡಿದ. ಅನೂಪನ ಮಾತು ಅಂವ ಪೂರ್ತಿ ನಂಬಿರಲಿಲ್ಲ, ನಿನ್ನ ಮಾರಿ ನೋಡಿ ನಂಬಿದ. ಐವತ್ತರ ಮನುಷ್ಯ ಗೇಟಿಗೆ ತಲಿ ಹಚ್ಚಿ ಅತ್ತ. ಕೊಲಿ ಮಾಡಿಸಿದವರು ಕಲಬುರಗಿಯಾಗ ಆರಾಮ ಇದ್ದೀರಿ.

ನೆನಪಿಲ್ಲ ಅಂತ ಇನ್ನೊಮ್ಮೆ ಬರೀಬ್ಯಾಡ. ಬರಿಯೂದಿದ್ದರ ಖರೇ ಬರಿ, ಇಲ್ಲಂದರ ಈ ಕಾಗದ ಹರದು ಒಲಿಗೆ ಹಾಕು, ನನ್ನ ಹೆಸರು ಮರತುಬಿಡು.

ಮೈತ್ರಿ

*

ಕಲಬುರಗಿ
8 ಡಿಸೆಂಬರ್ 2024

ಮೈತ್ರಿ,

ನೋಡಿದ್ದೆ. ಎಲ್ಲಾ ನೋಡಿದ್ದೆ.

ಚಹಾ ಹಿಡಕೊಂಡು ಕಟ್ಟಿ ಮ್ಯಾಲ ಕುಂತಿದ್ದೆ. ಅನೂಪ ವಿಡಿಯೋ ಮಾಡಬೇಕು ಅಂತ ಶೇರಾನ ಸರಪಳಿ ಬಿಚ್ಚಿದ. ಮರೆಮ್ಮ ಮೇವಿನ ಸಿವುಡು ತಲಿ ಮ್ಯಾಲ ಹೊತ್ತು ಬಂದಳು. ಸಿವುಡಿನ ನೆರಳು ಕಂಡು ಶೇರಾ ಬೆದರಿತೋ ಏನೋ, ಒಂದೇ ಜಿಗಿತಕ್ಕ ಹೋಗಿ ಕಾಲು ಹಿಡೀತು. ಅನೂಪ ಎಳದರೂ ಬಿಡಲಿಲ್ಲ. ಆವಾಗ ನಿನ್ನ ಗುಂಡ್ಯಾ ನೆರಳಿನಿಂದ ಎದ್ದು ಕುಂಟಿಕೋತ ಬಂದು ಶೇರಾನ ಮಾರಿಗೆ ಮಾರಿ ಕೊಟ್ಟು ಬೊಗಳಾಕ ಹತ್ತಿತು. ಶೇರಾ ಹಲ್ಲು ಬಿಟ್ಟು ಅದರ ಕಡೆ ತಿರುಗಿತು. ಅಷ್ಟರಾಗ ಅನೂಪ ಅದನ್ನ ಎಳಕೊಂಡು ಒಳಗ ಖೋಲಿಯಾಗ ಹಾಕಿ ಬಾಗಲಾ ಬಡದ. ಆಳುಗಳು ಓಡಿ ಬಂದಾಗ ಅಂಗಳದಾಗ ಇದ್ದ ನಾಯಿ ಅಂದರ ಗುಂಡ್ಯಾ ಒಂದೇ. ಮರೆಮ್ಮನ ಬಾಜೂಕ ನಿಂತಿತ್ತು, ಬಾಲ ಅಲ್ಲಾಡಸ್ತಿತ್ತು.

ಅನೂಪ ಒದರಿದ. ದತ್ತಪ್ಪ ನನ್ನ ಕಡೆ ನೋಡಿದ. ಅದೂ ಖರೇ. ನಾನು ಬಾಯಿ ತಗದೆ, ಮಾತು ಬರಲಿಲ್ಲ. ಮಾತು ಬಂದಾಗ ಗುಂಡ್ಯಾ ಬಿದ್ದಿತ್ತು. ಬಿದ್ದ ಮ್ಯಾಲ ಹೇಳಿ ಏನು ಉಪಯೋಗ ಅಂತ ಅನ್ಕೊಂಡೆ. ಆಮ್ಯಾಲ ನೀನು ಬಂದಿ. ನಿನಗ ಹೇಳಿದ ಸುಳ್ಳು ಮಾತ್ರ ಗಡಬಡದಾಗ ಹೇಳಿದ್ದಲ್ಲ. ನಿನ್ನ ಜೀಪ್ ಕಾಲುವಿ ದಾಟಿ ಬರೂದು ಕಂಡಾಗಿಂದ ಜೋಡಿಸ್ಕೊಂಡು ನಿಂತಿದ್ದೆ.

ಆದರ ಮೈತ್ರಿ, ನಾನೂ ಒಂದು ಕೇಳ್ತೇನಿ. ನನಗೂ ಸಿಟ್ಟದ. ನೀನು ಡಾಕ್ಟರ್. ಅದರ ಹಲ್ಲು ಕಿತ್ತಾಕಿ ನೀನು. ಅವತ್ತು ಅದನ್ನ ಮಡಿಲಾಗ ಹಾಕ್ಕೊಂಡು ಕುಂತಾಗ ಒಮ್ಮೆ ಬಾಯಿ ತಗದು ನೋಡಿದ್ದರ ಸಾಕಿತ್ತು. ನೋಡಲಿಲ್ಲ. "ನನ್ನ ಗುಂಡ್ಯಾ ಹಂಗ ಮಾಡಂಗಿಲ್ಲ" ಅಂತ ಒಂದು ಮಾತು ನಿನ್ನ ಬಾಯಿಂದ ಬಂದಿದ್ದರ ನಾನು ಅಲ್ಲೇ ಕಾಲಿಗೆ ಬೀಳ್ತಿದ್ದೆ. ನೀನು ಅನ್ನಲಿಲ್ಲ. ನಮ್ಮ ಅಂಗಳದಾಗ ಏನಾದರೂ ತಪ್ಪಾದರ ಅದು ನಿನ್ನ ಕಡೆಯಿಂದಲೇ ಆಗಿರಬೇಕು ಅನ್ನೂವಂಗ ಎಲ್ಲರಿಗೂ ಕೈ ಮುಗಿಯಾಕ ಹತ್ತಿದಿ. ನನ್ನ ಸುಳ್ಳು ಅಷ್ಟು ಸುಲಭಕ್ಕ ನಿಂತದ್ದು ಹ್ಯಾಂಗ?

ಇದನ್ನ ಬರದದ್ದಕ್ಕ ನೀನು ಇನ್ನ ನನ್ನ ಮಾರಿ ನೋಡಲಿಕ್ಕಿಲ್ಲ. ಆದರೂ ಬರದೇನಿ.

ಮಂಜರಿ

*

ನೆಲೋಗಿ
15 ಡಿಸೆಂಬರ್ 2024

ಮಂಜರಿ,

ತೊಗರಿ ರಾಶಿಗೆ ಅಂತ ಅಪ್ಪನ ಕಡೆ ಬಂದೇನಿ. ನಿನ್ನ ಕಾಗದ ಮೂರು ಸಲ ಓದಿದೆ. ಮೊದಲ ಸಲ ಓದಿದಾಗ ನೀನು ಎದುರಿಗಿದ್ದರ ಕಪಾಳಕ್ಕ ಹೊಡೀತಿದ್ದೆ.

ನೀ ಬರದದ್ದು ಖರೇ. ಅದಕ್ಕೇ ಹೊಡೀಬೇಕು ಅನಸ್ತು. ನಾನು ಅದರ ಬಾಯಿ ನೋಡಲಿಲ್ಲ. ನನ್ನ ನಾಯಿ, ಅದೂ ಬೀದಿಂದ ತಂದದ್ದು, ದೊಡ್ಡವರ ಅಂಗಳದಾಗ ತಪ್ಪು ಮಾಡಿಬಿಡ್ತು ಅಂತ ನನಗ ಮೊದಲು ನಾಚಿಕಿ ಬಂತು. ಸಂಕಟ ಆಮ್ಯಾಲ ಬಂತು. ಈ ಮಾತು ಅಪ್ಪನ ಮುಂದ ಅಂದೆ. ಜಗದೇವ ಮಾಸ್ತರು ಐವತ್ತು ಚೀಲ ತೊಗರಿ ನಡುವ ಕುಂತು ಚೀಲದ ಬಾಯಿ ಹೊಲಿಯೂದು ನಿಲ್ಲಿಸಿದರು. "ನಾಚಿಕಿ ಕಲಿಸಿದಾಂವ ನಾನೇ ಇರಬೇಕವ್ವಾ" ಅಂದರು. "ಯಾರ ಮನಿಗೆ ಹೋದರೂ ತಪ್ಪಾಗದಂಗ ಇರು, ತಪ್ಪಾಗದಂಗ ಇರು ಅಂತ ಹೇಳಿ ಹೇಳಿ ಬೆಳಸೀನಿ." ಎಪ್ಪತ್ತೆರಡರ ಮನುಷ್ಯನ ಬಾಯಿಂದ ಇದನ್ನ ಹೇಳಿಸಿದ ಪಾಪನೂ ನಿನ್ನ ಮ್ಯಾಲೇ ಇರಲಿ.

ನನ್ನ ತಪ್ಪು ನಾನು ಹೊರತೇನಿ. ಅದರ ಹಿಂದ ನೀನು ಅಡಗಬ್ಯಾಡ.

ನನಗ ಖರೇ ಹೇಳಿದರ ಮುಗೀಲಿಲ್ಲ. ದತ್ತಪ್ಪ ಮೂವತ್ತು ಜನರ ಎದುರಿಗೆ ನಾಯಿ ಹೊಡದಾನ. ಊರಾಗ "ಡಾಕ್ಟರಬಾಯಿ ಹುಚ್ಚುನಾಯಿ ಸಾಕಿದ್ದಳು" ಅಂತ ಮಾತು ಅದ. ಎಳ್ಳಮವಾಸಿಗೆ ನಿಮ್ಮ ಮಂದಿಯೆಲ್ಲಾ ಆ ಹೊಲಕ್ಕ ಬರ್ತೀರಲ್ಲ, ಅನೂಪನೂ ಬರ್ತಾನ, ಆಳುಗಳೂ ಇರ್ತಾರ. ಎಲ್ಲಿ ಸುಮ್ಮನಿದ್ದಿಯೋ ಅಲ್ಲೇ ನಿಂತು ಹೇಳು. ನಾನು ಬರಂಗಿಲ್ಲ. ನನ್ನ ಸಲುವಾಗಿ ಅಲ್ಲ ಅದು.

ಮೈತ್ರಿ

*

ಕಲಬುರಗಿ
2 ಜನವರಿ 2025

ಮೈತ್ರಿ,

ಹೇಳಿದೆ.

ಭೂತಾಯಿಗೆ ಚರಗ ಚೆಲ್ಲಿ ಬಂದು ಎಲ್ಲರೂ ಬೇವಿನ ಗಿಡದ ಕೆಳಗ ಜಮಖಾನಿ ಮ್ಯಾಲ ಊಟಕ್ಕ ಕುಂತಿದ್ದರು. ಸಜ್ಜಿ ರೊಟ್ಟಿ, ಭಜ್ಜಿ ಬಡಸಾಕತ್ತಿದ್ದರು. ಆಳುಗಳು ಬದುವಿನ ಮ್ಯಾಲ ತಮ್ಮ ಪಾಳಿಗೆ ಕುಂತಿದ್ದರು. ನಾನು ತಾಟು ಬಾಜೂಕ ಸರಿಸಿ ಎದ್ದೆ. ನಿಂತೇ ಹೇಳಿದೆ. "ಅಪ್ಪಾ, ಮರೆಮ್ಮಗ ಕಡದದ್ದು ಮೈತ್ರಿಯ ನಾಯಿ ಅಲ್ಲ. ಶೇರಾ. ನಾನು ಕಣ್ಣಾರೆ ನೋಡೇನಿ."

"ಹಬ್ಬದ ದಿನ ಏನು ಹಚ್ಚೀದಿ ಇದು?" ಅಂದರು ಅಮ್ಮ. ಅನೂಪ ಎದ್ದು ನಿಂತು "ಅಕ್ಕಾ, ನಿನ್ನ ತಲಿ ಸರಿ ಅದ ಏನು?" ಅಂದ. ಅಪ್ಪ ಕೈ ತೊಳಕೊಂಡರು. "ಯಾವಾಗಿಂದ ಗೊತ್ತಿತ್ತು ನಿನಗ?" ಅಂದರು. "ಅವತ್ತಿಂದ" ಅಂದೆ. ಅಪ್ಪ ಮಗನಿಗೆ ಒಂದು ಮಾತು ಅನ್ನಲಿಲ್ಲ. ಹೊಲದ ಕಡೆ ಮಾರಿ ಮಾಡಿ ಕುಂತುಬಿಟ್ಟರು.

ಇಷ್ಟಕ್ಕೇ ಮುಗೀತು ಅನ್ಕೊಂಡಿದ್ದೆ. ಮರೆಮ್ಮ ಬದುವಿನಿಂದ ಎದ್ದು ಬಂದಳು. ಇನ್ನೂ ಕುಂಟತಾಳ.

"ಉಳದದ್ದೂ ಹೇಳ್ರಿ ಅಕ್ಕೋರೆ" ಅಂದಳು. "ಕಾರಿನ್ಯಾಗ ಕುಂಡ್ರಸೂವಾಗ ನನ್ನ ಕೈ ಹಿಡದು ಏನಂದ್ರಿ?"

ನಿನಗ ಬರದ ಕಾಗದದಾಗ ಇದನ್ನ ಬರದಿದ್ದಿಲ್ಲ ಮೈತ್ರಿ. ಬರಿಯಾಕ ಆಗಿದ್ದಿಲ್ಲ. "ಮೈತ್ರಿಗೆ ಹೇಳಬ್ಯಾಡ ಮರೆಮ್ಮಾ, ಈ ಮನಿಯಾಗ ನಿಮಗ ಯಾವ ಕೊರತಿ ಆಗದಂಗ ನಾ ನೋಡ್ಕೋತೇನಿ" ಅಂದಿದ್ದೆ. ಆಕಿ ಕಾಲಿನಿಂದ ರಕ್ತ ಸುರೀತಿತ್ತು. ಎಲ್ಲರ ಮುಂದ ಅದನ್ನೂ ಹೇಳಿದೆ.

"ಆ ಮೂಕ ಪ್ರಾಣಿ ನನ್ನ ಬಿಡಿಸಾಕ ಬಂದಿತ್ತು" ಅಂದಳು ಮರೆಮ್ಮ. "ಅದಕ್ಕ ಬಾಯಿ ಇರಲಿಲ್ಲ. ನಿಮಗಿತ್ತು, ನನಗೂ ಇತ್ತು. ನಾನು ಹೊಟ್ಟಿಗಂಜಿ ಸುಮ್ಮನಿದ್ದೆ. ನೀವು ಯಾವುದಕ್ಕ ಅಂಜಿದಿರಿ?"

ಆಕಿ ಕುಂಟಿಕೋತ ಬದುವಿಗೆ ತಿರುಗಿ ಹೋದಳು.

ಸಂಜಿಗೆ ದತ್ತಪ್ಪ ಹಾಸಿಗಿ ಸುತ್ತಿದ. ಇರ್ರಿ ಅಂತ ನಮ್ಮ ಮನಿಯವರು ಯಾರೂ ಅನ್ನಲಿಲ್ಲ. ನಾನು ಅಂದೆ. ಅಂವ ನನ್ನ ಕಡೆ ತಿರುಗಿ ನೋಡಲಿಲ್ಲ. ಜೇವರ್ಗಿಯಾಗ ಮರೆಮ್ಮನ ತಮ್ಮ ಅಮೃತ ಇದ್ದಾನಂತ, ಅಲ್ಲಿಗೆ ಹೋದರು. ಅನೂಪ ನನ್ನ ಜೋಡಿ ಮಾತು ಬಿಟ್ಟಾನ. ಅಮ್ಮ ಒಂದೇ ಮಾತು ಹಿಡದಾರ: "ಮನಿ ಮರ್ಯಾದಿ ಬದುವಿನ ಮ್ಯಾಲ ಇಟ್ಟಿ."

ನೀನು ಕ್ಷಮಿಸು ಅಂತ ಕೇಳಾಕತ್ತಿಲ್ಲ. ಹೇಳಿದೆ ಅನ್ನೂದಷ್ಟೇ ತಿಳಸಾಕ ಬರದೇನಿ.

ಮಂಜರಿ

*

ಆಳಂದ
19 ಜನವರಿ 2025

ಮಂಜರಿ,

ನಿನಗ ಗೊತ್ತದೋ ಇಲ್ಲೋ, ಈ ತಿಂಗಳ ಆರನೇ ತಾರೀಖಿಗೆ ನಿಮ್ಮ ಡ್ರೈವರ್ ಶೇರಾನ್ನ ತಂದು ನಮ್ಮ ಆಸ್ಪತ್ರಿ ಗೇಟಿಗೆ ಕಟ್ಟಿ ಹೋದ. ಕೊರಳಿನ ಪಟ್ಟಾಕ್ಕ ಅನೂಪನ ಚೀಟಿ ಇತ್ತು: "ಈ ನಾಯಿಯಿಂದ ಮನೆ ಒಡೆದಿದೆ. ಇಂಜೆಕ್ಷನ್ ಕೊಟ್ಟು ಮುಗಿಸಿಬಿಡಿ."

ಚೀಟಿ ಓದಿ ನನಗ ಬಂದ ಸಿಟ್ಟು ಗುಂಡ್ಯಾ ಸತ್ತಾಗಲೂ ಬಂದಿದ್ದಿಲ್ಲ. ಮನಿ ಒಡದದ್ದು ಈ ನಾಯಿಂದ ಅಂತ! ಬಿಚ್ಚಿ ಬಿಟ್ಟಾಂವ, ಸುಳ್ಳು ಒದರಿದಾಂವ ಯಾರು? ಸಾಯೂದು ಮಾತ್ರ ಮತ್ತೂ ಒಂದು ನಾಯಿ.

ಖರೇ ಹೇಳ್ತೇನಿ, ಒಂದು ಗಳಿಗಿ ಔಷಧದ ಕಪಾಟಿನ ಕೀಲಿ ಕೈಯಾಗ ಹಿಡಕೊಂಡು ನಿಂತಿದ್ದೆ. ಹತ್ರ ಹೋದರ ಹಲ್ಲು ತೋರಿಸ್ತು. ರೊಟ್ಟಿ ಹಾಕಿ ಒಂದು ತಾಸು ದೂರ ಕುಂತೆ. ಆಮ್ಯಾಲ ಪಟ್ಟಾ ಬಿಚ್ಚಿ ನೋಡಿದರ ಕೊರಳ ಸುತ್ತ ಹುಣ್ಣು, ಕೀವು. ಗಿಡ್ಡ ಸರಪಳಿಯಾಗ ವರ್ಷಗಟ್ಟಲೆ ಬಾಲ್ಕನಿಯಾಗ ಕಟ್ಟಿ ಹಾಕಿದ ನಾಯಿ ಅದು. ಜೋಡಿ ಕಳಿಸಿದ ಲಸಿಕೆ ಪುಸ್ತಕದಾಗ ಮೂರು ವರ್ಷದ ಹಾಳಿ ಖಾಲಿ. ಹುಚ್ಚು ಹಿಡದ ನಾಯಿ ಕಡದ ಹತ್ತು ದಿನದಾಗ ಸಾಯ್ತದ, ಇದು ಎರಡೂವರಿ ತಿಂಗಳ ಮ್ಯಾಲೂ ಜೀವಂತ ಅದ ಅಂದರ ಮರೆಮ್ಮಗ ಅಪಾಯ ಇಲ್ಲ, ಅದನ್ನ ಜೇವರ್ಗಿಗೆ ಫೋನ್ ಮಾಡಿ ಹೇಳಿದೆ. "ಆ ನಾಯಿನ್ನ ಕೊಲ್ಲಬ್ಯಾಡ್ರಿ ಬಾಯಾರ, ಒಂದು ಹೋಗಿದ್ದು ಸಾಕು" ಅಂದಳು. ಕಾಲು ಕಡಿಸ್ಕೊಂಡಾಕಿ ಹಂಗ ಅಂದಳು. ದತ್ತಪ್ಪ ಅಲ್ಲಿ ಹತ್ತಿ ಗಿರಣಿಯಾಗ ಕೆಲಸಕ್ಕ ಹತ್ಯಾನಂತ.

ಅವತ್ತೇ ಶೇರಾಗ ಸೂಜಿ ಹಾಕಿದೆ, ಬದುಕೂ ಸೂಜಿ. ಹುಣ್ಣು ಮಾಯಾಕತ್ತದ. ಈಗ ಹಿತ್ತಲದಾಗ ಮಲಗತದ. ಅದನ್ನ ಕ್ಷಮಿಸೂದು ನನಗ ಸುಲಭ ಆತು. ಅದು ಸುಳ್ಳು ಹೇಳಿರಲಿಲ್ಲ.

ನಿನ್ನ ಮ್ಯಾಲಿನ ಸಿಟ್ಟು ಹಂಗೇ ಅದ. ಮುಂಜಾನೆ ಎದ್ದ ಕೂಡಲೇ ಬರ್ತದ, ಚಹಾ ಕುಡಿಯೂವಾಗ ಬರ್ತದ. ಎಲ್ಲರ ಮುಂದ ನಿಂತು ಹೇಳಿದಿ, ಉಳದದ್ದನ್ನೂ ಹೇಳಿದಿ. ಅದು ಸಣ್ಣ ಮಾತಲ್ಲ ಅಂತ ಗೊತ್ತದ. ಆದರೂ ಸಿಟ್ಟು ಹೋಗವಲ್ಲದು, ಹೋಗೇದ ಅಂತ ಸುಳ್ಳು ಬರಿಯೂದಿಲ್ಲ.

ಫೆಬ್ರುವರಿ ಆರಕ್ಕ ಶೇರಾಗ ಎರಡನೇ ಸೂಜಿ ಅದ. ನಮ್ಮ ಕಂಪೌಂಡರ್ ಅದರ ಹತ್ರ ಹೋಗಾಕ ಅಂಜತಾನ. ಅದಕ್ಕ ಗುರುತಿದ್ದವರು ಒಬ್ಬರು ಬೇಕು. ಬರೂದಿದ್ದರ ಮುಂಜಾನೆ ಹತ್ತಕ್ಕ ಬಾ. ಮಾತಾಡಾಕಲ್ಲ, ನಾಯಿ ಹಿಡಿಯಾಕ.

ಮೈತ್ರಿ